ಓಕೂಚಿಯವರು ಬಾಯಿ ತೆರೆಯುವ ಮೊದಲೇ

ಬುಧವಾರ ಮಧ್ಯಾಹ್ನ ಕ್ಲಬ್ಬಿನ ಓಕೂಚಿಯವರ ಫೋನ್ ಬಂದಾಗ ಮಿಯಾಬೆ ಕಜುಶಿ ಮಗಳ ಸೈಕಲ್ಲಿಗೆ ಚೈನು ಹಾಕುತ್ತ ಕೂತಿದ್ದ. ಕೈಯೆಲ್ಲ ಗ್ರೀಸು. ಮೊಣಕೈಯಿಂದಲೇ ಒತ್ತಿ ಫೋನನ್ನು ಸ್ಪೀಕರಿಗೆ ಹಾಕಿದ.

"ಮಿಯಾಬೆ, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಆಫೀಸಿಗೆ ಬರೋಕಾಗತ್ತಾ?"

"ಬರ್ತೀನಿ, ಓಕೂಚಿ ಸಾನ್."

"ಸೂಟ್ ಹಾಕ್ಕೊಂಡು ಬನ್ನಿ."

"ಆಯ್ತು."

"ಚಳಿ ಜಾಸ್ತಿ ಆಯ್ತಲ್ವಾ."

"ಹೌದು. ಜಾಸ್ತಿ ಆಯ್ತು."

ಅಷ್ಟೇ ಮಾತು. ಕಜುಶಿ ಚೈನನ್ನು ಹಲ್ಲಿಗೆ ಸಿಕ್ಕಿಸಿ, ಪೆಡಲನ್ನು ಎರಡು ಸುತ್ತು ತಿರುಗಿಸಿ, ಮತ್ತೆ ಸುಮ್ಮನೆ ಇನ್ನೊಂದು ಹತ್ತು ಸುತ್ತು ತಿರುಗಿಸಿದ. ಫುಟ್‌ಬಾಲ್ ಲೀಗಿನ ಕೊನೆಯ ಪಂದ್ಯ ಭಾನುವಾರ ಮುಗಿದಿತ್ತು. ಮೂರನೇ ದರ್ಜೆಯ ಇಪ್ಪತ್ತು ತಂಡಗಳಲ್ಲಿ ಅವರದು ಹನ್ನೊಂದನೆಯದು. ಆಮೇಲಿನ ವಾರದಲ್ಲಿ ಆಟಗಾರನೊಬ್ಬನಿಗೆ ಸೂಟು ತೊಟ್ಟು ಬಾ ಎಂದರೆ ಅದರ ಅರ್ಥವನ್ನು ಈ ಕಸುಬಿನಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕರಾರು ಮುಗಿಯಿತು ಎನ್ನುವುದನ್ನು ಟ್ರ್ಯಾಕ್ ಪ್ಯಾಂಟಿನಲ್ಲಿ ನಿಂತವನಿಗೆ ಹೇಳುವುದು ಮರ್ಯಾದೆಯಲ್ಲ. ಹದಿಮೂರು ವರ್ಷಗಳಲ್ಲಿ ಅವನು ಇಂಥ ಎಷ್ಟೋ ಸೂಟುಗಳನ್ನು ಕಂಡಿದ್ದ. ಒಬ್ಬನ ಕೋಟಿನ ತೋಳಿನಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ಅದನ್ನೂ ಯಾರೂ ಹೇಳಿರಲಿಲ್ಲ.

ಹದಿಮೂರು ವರ್ಷ, ನಾಲ್ಕು ಕ್ಲಬ್ಬು. ಹಮಾದಾ ಬಂದರಿನ ಈ ಸೆಕಿಶೂ ಕ್ಲಬ್ಬಿನಲ್ಲಿ ಎಂಟನೆಯ ವರ್ಷ. ಕಜುಶಿ ಆಡುತ್ತಿದ್ದದ್ದು ನಡುಮೈದಾನದಲ್ಲಿ, ರಕ್ಷಣೆಯವರ ಸ್ವಲ್ಪ ಮುಂದೆ. ಎದುರಾಳಿಯ ಕಾಲಿನಿಂದ ಚೆಂಡು ಹೊರಡುವ ಮೊದಲೇ ಅದು ಎಲ್ಲಿಗೆ ಹೋಗಲಿದೆ ಎಂದು ತಿಳಿದು, ಹೋಗಿ ಅಲ್ಲಿ ನಿಲ್ಲುವುದು, ಕಸಿದದ್ದನ್ನು ಐದು ಮೀಟರು ದೂರದ ಜೊತೆಗಾರನಿಗೆ ಕೊಟ್ಟುಬಿಡುವುದು, ಇದು ಅವನ ಕೆಲಸ. ಹದಿಮೂರು ವರ್ಷಕ್ಕೆ ಒಂಬತ್ತು ಗೋಲು. ತಮ್ಮದೇ ಬಲೆಗೆ ಹೊಡೆದ ಇನ್ನೊಂದಿದೆ, ನೋಡಲು ಅದೇ ಎಲ್ಲಕ್ಕಿಂತ ಚಂದ. ಅವನು ಚೆನ್ನಾಗಿ ಆಡಿದ ದಿನ ಮೈದಾನದಲ್ಲಿ ಏನೂ ನಡೆಯುತ್ತಿರಲಿಲ್ಲ. ಟೀವಿಯವರಿಗೆ ತೋರಿಸಲು ಏನೂ ಸಿಗುತ್ತಿರಲಿಲ್ಲ.

ವಿಚಿತ್ರವೆಂದರೆ ಮೂವತ್ಮೂರು ದಾಟಿದ ಮೇಲೆ ಅವನಿಗೆ ಮೈದಾನದಲ್ಲಿ ಎಲ್ಲವೂ ನಿಧಾನವಾಗಿ ನಡೆಯುವಂತೆ ಕಾಣತೊಡಗಿತ್ತು. ಎಡ ಮೊಣಕಾಲು ಬೆಳಗಿನ ಹೊತ್ತು ಮರದ ತುಂಡಿನಂತಿರುತ್ತಿತ್ತು, ನಿಜ. ಆದರೆ ಹುಡುಗರು ಓಡಿ ಹಿಡಿಯುವುದನ್ನು ಅವನು ನಡೆದು ಹಿಡಿಯುತ್ತಿದ್ದ. ಈಗ ಮೂವತ್ತೈದು. ಇಪ್ಪತ್ತೈದರಲ್ಲಿ ಅರ್ಥವಾಗದೆ ಇದ್ದದ್ದೆಲ್ಲ ಈ ವರ್ಷ ಅರ್ಥವಾಗಿತ್ತು. ಇನ್ನೊಂದು ವರ್ಷ ಬೇಕು. ಎರಡಾದರೂ ಆದೀತು. ಅವನಿಗೆ ಆಡಬೇಕಾಗಿತ್ತು, ಅದು ಅವನಿಗೆ ಹಸಿವಿನಷ್ಟು ಸ್ಪಷ್ಟವಾಗಿ ಗೊತ್ತಿತ್ತು.

ಆದರೂ ಆ ಎರಡು ದಿನ ಅವನು ಯೋಚಿಸಿದ್ದು ತನ್ನ ಬಗ್ಗೆ ಅಲ್ಲ, ಓಕೂಚಿಯವರ ಬಗ್ಗೆ. ಆಟಗಾರರನ್ನು ತರುವ, ಕಳಿಸುವ ಕೆಲಸ ಅವರದು. ಒಂದು ಕಾಲದ ಗೋಲ್‌ಕೀಪರ್. ಐವತ್ತೆರಡು ವಯಸ್ಸು, ಹೊಟ್ಟೆಯ ಹುಣ್ಣು, ಜೇಬಿನಲ್ಲಿ ಯಾವಾಗಲೂ ಔಷಧದ ಪುಡಿಯ ಪೊಟ್ಟಣ. ಹೋದ ವರ್ಷ ಇದೇ ದಿನಗಳಲ್ಲಿ ನಾಲ್ವರನ್ನು ಕಳಿಸಿಕೊಟ್ಟ ಮೇಲೆ ಅವರು ಕಾರಿನಲ್ಲಿ ಸ್ಟಿಯರಿಂಗ್ ಹಿಡಿದು ನಲವತ್ತು ನಿಮಿಷ ಸುಮ್ಮನೆ ಕೂತಿದ್ದನ್ನು ಕಜುಶಿ ಬಟ್ಟೆ ಬದಲಿಸುವ ಕೋಣೆಯ ಕಿಟಕಿಯಿಂದ ನೋಡಿದ್ದ. ಎಂಟು ವರ್ಷ ಜೊತೆಗಿದ್ದ ತನಗೆ ಅದೇ ಮಾತು ಹೇಳಬೇಕೆಂದರೆ ಆ ಮನುಷ್ಯನ ಗತಿಯೇನು? ಅವರ ಬಾಯಿಂದ ಅದನ್ನು ಹೇಳಿಸಬಾರದು. ತಾನೇ ಹೇಳಿಬಿಟ್ಟರೆ ಮುಗಿಯಿತು.

ಹೆಂಡತಿ ಚಿಹಾರುಗೆ, ಎಲ್ಲ ಮುಗಿದ ಮೇಲೆ ಒಟ್ಟಿಗೇ ಹೇಳಿದರಾಯಿತು ಎಂದುಕೊಂಡ. ಅವಳ ಎರಡು ದಿನದ ನಿದ್ದೆಯಾದರೂ ಉಳಿಯಲಿ.

ಶುಕ್ರವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಅವನು ಆಫೀಸಿನ ಸಣ್ಣ ಕೋಣೆಯಲ್ಲಿದ್ದ. ಓಕೂಚಿಯವರೂ ಸೂಟಿನಲ್ಲಿದ್ದರು. ತಾವೇ ಎರಡು ಬಟ್ಟಲು ಚಹಾ ತಂದು ಮೇಜಿನ ಮೇಲಿಟ್ಟರು. ಮೇಜಿನ ಮೇಲೆ ಒಂದು ಕಂದು ಲಕೋಟೆ. ಅವರು ಕುರ್ಚಿ ಎಳೆದು ಇನ್ನೂ ಕೂತಿರಲಿಲ್ಲ, ಕಜುಶಿ ಎದ್ದು ನಿಂತು ಸೊಂಟದಿಂದ ಬಾಗಿದ.

"ಇಷ್ಟು ವರ್ಷ ನೋಡ್ಕೊಂಡಿದ್ದಕ್ಕೆ ತುಂಬ ಉಪಕಾರ ಆಯ್ತು. ಈ ವರ್ಷಕ್ಕೆ ಆಟ ಮುಗಿಸೋಣ ಅಂತ ನಿರ್ಧಾರ ಮಾಡಿದೀನಿ."

ತಲೆ ಎತ್ತಿದಾಗ ಓಕೂಚಿಯವರು ಅರ್ಧ ಕೂತ ಭಂಗಿಯಲ್ಲೇ ಇದ್ದರು. ಹೀಟರ್ ಗುಂಯ್ಗುಡುತ್ತಿತ್ತು.

"ಹಾಗಾ," ಎಂದರು ಕುರ್ಚಿಯಲ್ಲಿ ಕೂರುತ್ತ. "ನಿರ್ಧಾರ ಮಾಡ್ಬಿಟ್ರಾ."

"ಹೂಂ."

"ಮನೇಲಿ ಮಾತಾಡಿದ್ರಾ?"

"ಮಾತಾಡಿದೆ."

ಓಕೂಚಿಯವರು ಲಕೋಟೆಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡು ಒಂದು ಫೈಲಿನ ಕೆಳಗೆ ಸರಿಸಿದರು. ಆಮೇಲೆ ಅವರೂ ಎದ್ದು ನಿಂತು ಇವನಷ್ಟೇ ಬಾಗಿದರು. "ನಾವೇ ಉಪಕಾರ ಹೇಳ್ಬೇಕು." ಅವರ ಕಣ್ಣು ಕೆಂಪಾಗಿತ್ತು. ಕಜುಶಿಗೆ ಸಮಾಧಾನವಾಯಿತು, ಹೇಗಿದ್ದರೂ ಇವರ ಕಷ್ಟ ತಪ್ಪಿತು.

ಚಹಾ ಕುಡಿದರು. ಓಕೂಚಿಯವರು ಗಡಿಯಾರ ನೋಡಿದರು. "ಹನ್ನೊಂದಕ್ಕೆ ಮೇಯರ್ ಹತ್ರ ಹೋಗೋದಿದೆ. ವರ್ಷದ ವರದಿ ಒಪ್ಪಿಸೋಕೆ. ಹಿರಿಯ ಆಟಗಾರ ಅಂತ ನಿಮ್ಮನ್ನೂ ಬರೋಕೆ ಹೇಳಿದ್ದೆ. ಈಗ... ಬರ್ತೀರಾ, ಕಷ್ಟ ಆಗತ್ತಾ?"

"ಬರ್ತೀನಿ," ಎಂದ ಕಜುಶಿ. ಅದಾದ ಎರಡು ಕ್ಷಣದ ಮೇಲೆ ಅವನು ತನ್ನ ಸೂಟನ್ನೂ ಓಕೂಚಿಯವರ ಸೂಟನ್ನೂ ನೋಡಿದ. ಸೂಟು ಎಂದದ್ದು ಮೇಯರಿಗಾಗಿ.

ನಗರಸಭೆಯ ಮೆಟ್ಟಿಲ ಬಳಿ ನಾಯಕ ಸುಗಾಯ್ ಕಾಯುತ್ತಿದ್ದ. ಇಪ್ಪತ್ತೇಳರ ಹುಡುಗ. ಅವನೂ ಸೂಟಿನಲ್ಲಿದ್ದ.

"ಮಿಯಾಬೆ ಸಾನ್, ನಿಮಗೂ ಸೂಟ್ ಅಂದ್ರಾ? ನಂಗಂತೂ ಜೀವ ಬಾಯಿಗೆ ಬಂತು."

"ಆಮೇಲೆ?"

"ಆಮೇಲೇನು, ವಾಪಸ್ ಫೋನ್ ಮಾಡಿ ಕೇಳ್ದೆ, ಸರ್ ನನ್ನ ತೆಗೀತಿದೀರಾ ಅಂತ. ಅಯ್ಯೋ ಮೇಯರ್ ನೋಡೋಕೆ ಕಣಪ್ಪಾ ಅಂದ್ರು." ಸುಗಾಯ್ ನಕ್ಕ. "ಈ ವಾರದಲ್ಲಿ ಯಾರಾದ್ರೂ ಸೂಟ್ ಅನ್ನೋ ಮಾತು ಎತ್ತುತಾರಾ? ಓಕೂಚಿ ಸಾನ್‌ಗೂ ಬುದ್ಧಿ ಬೇಡ್ವಾ?"

ಕಜುಶಿಯೂ ನಗಬೇಕಾಯಿತು. ವಾಪಸ್ ಫೋನ್ ಮಾಡಿ ಕೇಳಬಹುದು ಎಂಬುದು ಆ ಎರಡು ದಿನದಲ್ಲಿ ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಮೇಯರ್ ಒಬ್ಬೊಬ್ಬರ ಕೈ ಕುಲುಕುತ್ತ ಬಂದು ಅವನ ಮುಂದೆ ನಿಂತರು. "ಬರೋ ವರ್ಷಾನೂ ನಮ್ಮೂರ ಮರ್ಯಾದೆ ನಿಮ್ಮ ಕಾಲಲ್ಲಿದೆ, ಮಿಯಾಬೆ ಸಾನ್."

ಕಜುಶಿಯ ಬಾಯಿ ತೆರೆಯಿತು. ಹೌದೆಂದರೆ ಒಂದು ಗಂಟೆಯ ಹಿಂದೆ ಆಡಿದ ಮಾತು ಸುಳ್ಳಾಗುತ್ತದೆ. ಇಲ್ಲವೆಂದರೆ ಎಲ್ಲ ಮುಗಿಯುತ್ತದೆ. ಅವನ ತೊಳಲಾಟ ಕಂಡ ಓಕೂಚಿಯವರು, ಪಾಪ, ಇವನ ಬಾಯಿಂದ ಅದನ್ನು ಹೇಳಿಸಬಾರದೆಂದು ಒಂದು ಹೆಜ್ಜೆ ಮುಂದೆ ಬಂದರು.

"ನಮ್ಮ ಮಿಯಾಬೆ ಈ ವರ್ಷ ಆಟದಿಂದ ನಿವೃತ್ತಿ ಆಗ್ತಿದಾರೆ."

ಮೇಯರ್ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ತಟ್ಟಿದಳು. ಬಾಗಿಲ ಬಳಿ ಚಹಾ ತಂದಿದ್ದ ಹೆಂಗಸು ತಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಟ್ಟಿದಳು. ಸುಗಾಯ್ ಮಾತ್ರ ಬಾಯಿ ಬಿಟ್ಟು ನೋಡುತ್ತಿದ್ದ. ಕಜುಶಿ ಎಲ್ಲರಿಗೂ ಒಂದೊಂದು ಸಲ ಬಾಗಿದ.

ಸಂಜೆ ಚಿಹಾರು ದಂತವೈದ್ಯರಲ್ಲಿ ಕೆಲಸ ಮುಗಿಸಿ ಬಂದು ಮೂಲಂಗಿ ಹೆರೆಯುತ್ತಿದ್ದಳು. ಒಸಾಕಾದವಳು. ಹನ್ನೊಂದು ವರ್ಷ ಅವನ ಹಿಂದೆ ಊರೂರು ಸುತ್ತಿದ್ದರೂ ಅವಳ ಮಾತು ಒಸಾಕಾ ಬಿಟ್ಟು ಕದಲಿರಲಿಲ್ಲ. ಏಳು ವರ್ಷದ ಮಗಳು ನಗಿ ಮುಂದಿನ ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದಳು. ಕಜುಶಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ. ಸೂಟು, ಲಕೋಟೆ, ಮೇಯರ್. ಅವಳು ಹೆರೆಯುವುದನ್ನು ನಿಲ್ಲಿಸಲಿಲ್ಲ.

"ಅಂದ್ರ ಅವ್ರು ನಿನ್ನ ತಗೀಲಿಲ್ಲ."

"ಇಲ್ಲ."

"ನಿನ್ನ ನೀನ ತಕ್ಕೊಂಡಿ."

"ಹಾಗೂ ಅನ್ನಬಹುದು."

"ಅನ್ನಬಹುದೇನ ಬಂತು, ಹಂಗ ಆಗೇತಿ." ಮೂಲಂಗಿ ಅರ್ಧಕ್ಕರ್ಧ ಕರಗಿತ್ತು. "ಆ ಲಕೋಟಿನ್ಯಾಗ ಏನಿತ್ತು?"

"ಗೊತ್ತಿಲ್ಲ."

"ಕೇಳಲಿಲ್ಲೇನು?"

"ಅವರೇ ಒಳಗಿಟ್ಟರು. ಇಟ್ಟಮೇಲೆ ಹೇಗೆ ಕೇಳೋದು?"

ಅವಳು ಚಾಕು ಕೆಳಗಿಟ್ಟಳು. "ಮನ್ಯಾಗ ಮಾತಾಡೀನಿ ಅಂದೆಲ್ಲ ಅವ್ರಿಗೆ. ಯಾವ ಮನ್ಯಾಗ ಮಾತಾಡಿದಿ? ಈ ಮನ್ಯಾಗಂತೂ ಯಾರೂ ಮಾತಾಡಿಲ್ಲ."

ಕಜುಶಿ ಬಗ್ಗಿ ನೆಲಕ್ಕೆ ಬಿದ್ದ ಸಿಪ್ಪೆಯೊಂದನ್ನು ಹೆಕ್ಕಿದ.

"ನನಗ ಸಿಟ್ಟು ಬಂದಿದ್ದು ಆಟ ಬಿಟ್ಟಿದ್ದಕ್ಕಲ್ಲ. ಬಿಡೂದಿದ್ರ ಬಿಡು, ನಾ ಏನ್ ಅಳಾಂಗಿಲ್ಲ. ಆದ್ರ ಎಲ್ಲಾರ ಉತ್ತರಾನೂ ನೀನ ಹೇಳ್ಕೋತ ಹೋಗ್ತಿ ನೋಡು. ಓಕೂಚಿ ಅವರದೂ ನೀನ ಹೇಳಿದಿ, ನಂದೂ ನೀನ ಹೇಳಿದಿ. ನಾವೇನು ಮೂಕರೇನು?"

"ಅವರಿಗೆ ಕಷ್ಟ ಆಗಬಾರದು ಅಂತ..."

"ಅವರ ಸುದ್ದಿ ಕೇಳಲಿಲ್ಲ ನಾ. ನಿನಗ ಆಡಬೇಕಂತ ಐತೋ ಇಲ್ಲೋ?"

"ಮೇಯರ್ ಮುಂದೆ ಹೇಳಿ ಆಗಿದೆ."

"ಮೇಯರ್ ಸುದ್ದೀನೂ ಕೇಳಲಿಲ್ಲ."

ಸಾರು ಕುದಿಯತೊಡಗಿತ್ತು. ಅವಳು ಉರಿ ಸಣ್ಣದು ಮಾಡಿದಳು. ಕಜುಶಿ ತನ್ನ ಕಾಲುಚೀಲದ ತುದಿ ನೋಡಿಕೊಂಡು, "ಆಡ್ಬೇಕು," ಎಂದ.

"ಕೇಳಿಸಲಿಲ್ಲ."

"ಆಡ್ಬೇಕು."

"ಹೂಂ. ಅದನ್ನ ನನಗ ಹೇಳಿ ಏನು ಬಂತು, ಕರಾರಿನ ಮ್ಯಾಲ ಸಹಿ ಹಾಕಾಕಿ ನಾನೇನು?" ಎಂದು ಅವಳು ತಿರುಗಿ ಅವನ ಟೈಯ ಗಂಟು ಸಡಿಲಿಸಿದಳು. ಅವನು ಇನ್ನೂ ಅದನ್ನು ಬಿಚ್ಚಿರಲಿಲ್ಲ. ಗಂಟು ಬಿಚ್ಚಿದ ಮೇಲೂ ಅವಳ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಕೈಗೆ ಮೂಲಂಗಿಯ ವಾಸನೆ. "ಸೋಮವಾರ ಮಧ್ಯಾಹ್ನ ಕ್ಲಬ್ಬಿನವರು ಹೊರಗ ಹಾಕ್ತಾರಲ್ಲ ಸುದ್ದಿ? ಅದಕ್ಕ ಮೊದಲ ಹೇಳಿಬಿಡು."

ಶನಿವಾರ ಬೆಳಿಗ್ಗೆ ಅವನು ಫೋನ್ ಮಾಡಿದ. ಓಕೂಚಿಯವರು ಮೊದಲನೆಯ ರಿಂಗಿಗೇ ಎತ್ತಿದರು.

"ಒಳ್ಳೇದಾಯ್ತು ನೀವೇ ಮಾಡಿದ್ದು. ಪ್ರಕಟಣೆ ಬರೀತಾ ಕೂತಿದ್ದೆ. ಆಫೀಸಿನವರಿಗೆ ಬಿಡೋಕೆ ಮನಸ್ಸಾಗ್ಲಿಲ್ಲ, ನಾನೇ ಬರೀತೀನಿ ಅಂದೆ. ಎರಡು ಸಾಲು ಓದ್ಲಾ?"

"ಓಕೂಚಿ ಸಾನ್, ಅದು..."

"'ಆತ ಇದ್ದ ಕಡೆ ಏನೂ ಕೆಟ್ಟದ್ದು ನಡೆಯುತ್ತಿರಲಿಲ್ಲ. ಹಾಗಾಗಿ ಆತ ಇದ್ದದ್ದು ನಮಗೆ ಹೆಚ್ಚಾಗಿ ಗೊತ್ತಾಗಲೇ ಇಲ್ಲ.' ಹೇಗಿದೆ? ಜಾಸ್ತಿ ಆಯ್ತಾ?"

ಫೋನ್ ಹಿಡಿದು ಕಜುಶಿ ಗೋಡೆಗೆ ಹಣೆ ಒತ್ತಿಕೊಂಡ. ಹದಿಮೂರು ವರ್ಷದಲ್ಲಿ ಅವನ ಆಟದ ಬಗ್ಗೆ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. "ಚೆನ್ನಾಗಿದೆ," ಎಂದ. "ತುಂಬ ಚೆನ್ನಾಗಿದೆ." ಹೇಳಬೇಕಾಗಿದ್ದ ಮಾತನ್ನು ಹೇಳದೆಯೇ ಫೋನ್ ಇಟ್ಟ. ಚಿಹಾರು ಬಟ್ಟೆ ಮಡಿಸುತ್ತಿದ್ದಳು. ಅವನ ಬನಿಯನ್ನುಗಳನ್ನು ಅಗತ್ಯಕ್ಕಿಂತ ಜೋರಾಗಿ ಕೊಡವಿದಳು.

ಸುದ್ದಿ ನಗರಸಭೆಯಿಂದ ಇಳಿದು ಮಧ್ಯಾಹ್ನದೊಳಗೆ ಬಂದರು ತಲುಪಿತ್ತು. ಯಾರೂ ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಮೀನಂಗಡಿಯ ತೊನೆ ಅಜ್ಜಿ ಎರಡು ನೊದೊಗುರೊ ಮೀನನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟು, "ಬಿಸಾಡೋದಿತ್ತು, ತಗೊಂಡೋಗಪ್ಪ," ಎಂದಳು. ಅಷ್ಟು ದುಬಾರಿ ಮೀನನ್ನು ಈ ಊರಿನಲ್ಲಿ ಯಾರೂ ಬಿಸಾಡುವುದಿಲ್ಲ. ಕ್ಷೌರದವನು, ಬಸ್ಸಿನ ಡ್ರೈವರ್, ಶಾಲೆಯ ಗೇಟಿನವನು, ಎಲ್ಲರೂ ಎಂದಿಗಿಂತ ಒಂದಿಷ್ಟು ಹೆಚ್ಚು ಬಾಗಿದರು. ಪ್ರತಿ ಸಲವೂ ಅವನು ತಿರುಗಿ ಬಾಗಿದ. ಒಂದೊಂದು ಸಲ ಬಾಗಿದಾಗಲೂ ತಾನು ಇನ್ನು ಮುಂದೆ ಆಡದ ಆಟಗಾರನಾಗುತ್ತ ಹೋದಂತೆ ಅನ್ನಿಸಿತು.

ಭಾನುವಾರ ಮೈದಾನದ ಪಕ್ಕದ ಬಯಲಿನಲ್ಲಿ ಅಭಿಮಾನಿಗಳ ದಿನ. ವರ್ಷವೆಲ್ಲ ಕೂಗಿದವರಿಗೆ ಅವತ್ತು ಆಟಗಾರರು ಬಡಿಸುತ್ತಾರೆ. ದೊಡ್ಡ ಹಂಡೆಯಲ್ಲಿ ಹಂದಿಮಾಂಸ, ಮೂಲಂಗಿ, ಗೆಡ್ಡೆ ಹಾಕಿದ ಮಿಸೊ ಸಾರು. ಇನ್ನೊಂದು ಕಡೆ ಕೆಂಪುಮೆಣಸು ಬೆರೆಸಿ ಕರಿದ ಮೀನಿನ ವಡೆ. ಅದು ಕ್ಲಬ್ಬಿಗೆ ದುಡ್ಡು ಕೊಡುವ ಕಾರ್ಖಾನೆಯದು. ಸಮುದ್ರದ ಗಾಳಿ ಕಿವಿ ಕತ್ತರಿಸುತ್ತಿತ್ತು. ಎರಡು ಗಂಟೆಗೆ ಮಿಯಾಬೆಯವರ ವಿದಾಯದ ಮಾತು ಎಂದು ಹಲಗೆಯ ಮೇಲೆ ಯಾರೋ ಆಗಲೇ ಬರೆದಿದ್ದರು. ಅಕ್ಷರದ ಸುತ್ತ ಹೂವು.

ಓಕೂಚಿಯವರು, ಕಜುಶಿ ಒಂದೇ ಹಂಡೆಗೆ ನಿಂತರು. ಎದುರಿಗೆ ಉದ್ದ ಸಾಲು. ಗ್ಯಾಲರಿಯಲ್ಲಿ ಎಂಟು ವರ್ಷದಿಂದ ಡೋಲು ಬಾರಿಸುವ, ಹೆಂಚಿನ ಕಾರ್ಖಾನೆಯ ಸಾಸೊ ಮುದುಕ ಬಟ್ಟಲು ಚಾಚಿದ. "ಸರಿಯಾದ ಹೊತ್ತಿಗೆ ನಿಲ್ಲಿಸಿದ್ರಿ. ದೊಡ್ಡತನ ಬೇಕು ಅದಕ್ಕೆ," ಎಂದು ಮೂಗು ಒರೆಸಿಕೊಂಡ. ಕಜುಶಿ ಅವನಿಗೆ ಮಾಂಸದ ತುಂಡು ಜಾಸ್ತಿ ಹಾಕಿದ.

ಒಂದೂವರೆಯಾಯಿತು. ಸಾಲಿನ ಕೊನೆಯಲ್ಲಿ ಚಿಹಾರು ನಗಿಯ ಕೈ ಹಿಡಿದು ನಿಂತಿದ್ದು ಕಂಡಿತು. ಅವಳು ಕೈ ಬೀಸಲಿಲ್ಲ.

"ಓಕೂಚಿ ಸಾನ್," ಎಂದ, ಹಂಡೆಯನ್ನೇ ನೋಡುತ್ತ. "ಅವತ್ತು ಲಕೋಟೇಲಿ ಏನಿತ್ತು?"

"ಅದಾ. ಬಿಡಿ ಈಗ."

"ಹೇಳಿ."

"ಇನ್ನೊಂದು ವರ್ಷದ ಕರಾರು." ಅವರ ಸೌಟು ಮೆಲ್ಲಗೆ ಸುತ್ತುತ್ತಿತ್ತು. "ನಿಮ್ಮ ನಿರ್ಧಾರ ಕೇಳಿದ್ಮೇಲೆ ಅದನ್ನ ತೋರಿಸೋದು ಅನ್ಯಾಯ ಅನ್ನಿಸ್ತು. ಮನಸ್ಸು ಗಟ್ಟಿ ಮಾಡ್ಕೊಂಡು ಬಂದಿರೋನನ್ನ ಮತ್ತೆ ಅಲ್ಲಾಡಿಸಬಾರದು."

"ನಾನೇನೂ ನಿರ್ಧಾರ ಮಾಡಿರ್ಲಿಲ್ಲ. ಸೂಟ್ ಅಂದ್ರಲ್ಲ, ನೀವು ತೆಗೀತೀರ ಅಂದ್ಕೊಂಡೆ. ಅದಕ್ಕೆ ಮೊದಲೇ ಹೇಳಿದೆ. ನಂಗೆ ಆಡ್ಬೇಕು."

ಓಕೂಚಿಯವರ ಕೈಯಿಂದ ಸೌಟು ಜಾರಿ ಹಂಡೆಯೊಳಗೆ ಮುಳುಗಿತು. ಇಬ್ಬರೂ ಅದು ಮುಳುಗಿದ ಜಾಗವನ್ನು ನೋಡಿದರು.

"ಮತ್ಯಾಕ್ರೀ ಹಾಗೆ ಹೇಳಿದ್ರಿ?" ಅವರ ದನಿ ಏರಿತು. ಸಾಲಿನಲ್ಲಿದ್ದ ಹೆಂಗಸು ಬಟ್ಟಲನ್ನು ಹಿಂದಕ್ಕೆಳೆದುಕೊಂಡಳು. "ಎರಡು ರಾತ್ರಿ ನಿದ್ದೆ ಇಲ್ಲ ನಂಗೆ. ಎಲ್ಲಿ ತಪ್ಪು ಮಾಡಿದೆ, ಯಾಕೆ ಬಿಟ್ಟು ಹೋಗ್ತಿದಾನೆ ಅಂತ!"

"ನಿಮಗೆ ಕಷ್ಟ ಆಗ್ಬಾರದು ಅಂತ. ಹೋದ ವರ್ಷ ನೀವು ಕಾರಲ್ಲಿ ಕೂತಿದ್ದು ನೋಡಿದ್ದೆ."

ಓಕೂಚಿಯವರು ಬೇರೆ ಕಡೆ ನೋಡುತ್ತ, "ಕಾರಿನ ಬ್ಯಾಟರೀನೂ ಹೋಗಿತ್ತು ಅವತ್ತು," ಎಂದರು.

ಕಜುಶಿ ತನ್ನ ಸೌಟನ್ನು ಹಂಡೆಯ ಆಳಕ್ಕೆ ಇಳಿಸಿದ. ಮತ್ತೆ ಅವರು ತಗ್ಗಿದ ದನಿಯಲ್ಲಿ ಹೇಳಿದರು: "ನಿನ್ನೆ ಸಂಜೆ ನಿಮ್ಮ ಜಾಗಕ್ಕೆ ಒಬ್ಬ ಹುಡುಗನಿಗೆ ಮಾತು ಕೊಟ್ಬಿಟ್ಟೆ. ಹಿರೋಶಿಮಾದ ಕಾಲೇಜಿನವನು. ಅವರಮ್ಮ ಫೋನಲ್ಲೇ ಅತ್ತರು."

ಕಜುಶಿ ತನ್ನ ಸೌಟಿನಿಂದ ಮುಳುಗಿದ್ದನ್ನು ಹುಡುಕುತ್ತಿದ್ದ. ಅದು ತಳಕ್ಕೆ ತಾಗಿ ಟಣ್ಣೆಂದಿತು. "ಅದನ್ನ ವಾಪಸ್ ತಗೋಬೇಡಿ," ಎಂದ.

"ತಗೊಳಲ್ಲ."

"ಸರಿ."

"ಸರಿ ಅಂದ್ರೆ? ಎರಡು ಗಂಟೆಗೆ ಮೈಕ್ ಇದೆ. ಏನು ಹೇಳಿಸ್ಲಿ? ಹುಷಾರಿಲ್ಲ ಅಂದ್ಬಿಡ್ಲಾ? ಆಮೇಲೆ ನಿಧಾನಕ್ಕೆ ನಾನೇ ಏನಾದ್ರೂ..."

"ಬೇಡ," ಎಂದ ಕಜುಶಿ. "ನಾನೇ ಹೇಳ್ತೀನಿ."

ಹಲಗೆ ಜೋಡಿಸಿದ ಪುಟ್ಟ ವೇದಿಕೆ. ಅವನು ಮೈಕ್ ಹಿಡಿದಾಗ ಮುಂದಿನ ಸಾಲಿನವರು ಆಗಲೇ ಕರವಸ್ತ್ರ ತೆಗೆದಿದ್ದರು.

"ನಾನೊಂದು ತಪ್ಪು ಮಾಡಿದೀನಿ," ಎಂದ. "ಕ್ಲಬ್ಬಿನವರು ನನ್ನನ್ನ ತೆಗೀತಾರೆ ಅಂದ್ಕೊಂಡು, ಅವರು ಬಾಯಿ ತೆಗೆಯೋ ಮೊದಲೇ ನಾನೇ ಬಿಡ್ತೀನಿ ಅಂದೆ. ಅವರು ತೆಗೀತಿರ್ಲಿಲ್ಲ. ಈಗ ನನ್ನ ಜಾಗಕ್ಕೆ ಒಬ್ಬ ಬರ್ತಿದಾನೆ. ಒಳ್ಳೆ ಹುಡುಗನಂತೆ, ಅವನಿಗೂ ಕೂಗಿ. ಮೀನು ಕೊಟ್ಟವರಿಗೆ, ಅತ್ತವರಿಗೆ, ಮೇಯರ್‌ಗೆ, ಎಲ್ಲರಿಗೂ ಕ್ಷಮೆ ಕೇಳ್ತೀನಿ. ಆದರೆ ನಂಗೆ ಇನ್ನೂ ಆಡ್ಬೇಕು. ಇಲ್ಲಿ ಆಗದಿದ್ರೆ ಬೇರೆ ಎಲ್ಲಾದ್ರೂ. ಅಷ್ಟೇ."

ಅವನು ಬಾಗಿದ. ಇಂಥ ಮಾತಿಗೆ ಏನು ಮಾಡಬೇಕೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಚಪ್ಪಾಳೆ ತಟ್ಟುವುದೋ ಬಾಗುವುದೋ? ಕರವಸ್ತ್ರಗಳು ಅರ್ಧ ದಾರಿಯಲ್ಲಿ ನಿಂತವು. ಅವನು ತಲೆ ಎತ್ತಲಿಲ್ಲ, ಹಲಗೆಯ ಸಂದಿನಲ್ಲಿ ಹುಲ್ಲು ಕಾಣುತ್ತಿತ್ತು.

"ಹಾಗಾದ್ರೆ," ಎಂದಿತು ಸಾಸೊ ಮುದುಕನ ಗೊಗ್ಗರು ದನಿ, "ನಾನು ನಿನ್ನೆ ಸುಮ್ಸುಮ್ನೆ ಅತ್ತೆನಾ?"

ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ತೊನೆ ಅಜ್ಜಿ ಹೊಟ್ಟೆ ಹಿಡಿದುಕೊಂಡಳು. ನಗು ಸಾಲಿನುದ್ದಕ್ಕೂ ಹಬ್ಬಿ ವಡೆ ಕರಿಯುವವರವರೆಗೆ ಹೋಯಿತು. ಸುಗಾಯ್ ಅಂತೂ ನೆಲಕ್ಕೆ ಕೂತುಬಿಟ್ಟ. ಎಂಟು ವರ್ಷದಲ್ಲಿ ಆ ಊರು ಕಜುಶಿಯನ್ನು ನೋಡಿ ಹೀಗೆ ನಕ್ಕಿದ್ದೇ ಇಲ್ಲ. ನಗುವ ಹಾಗೆ ಅವನು ಏನನ್ನೂ ಮಾಡಿರಲಿಲ್ಲ.

ಹಂಡೆಯ ಬಳಿ ವಾಪಸಾದಾಗ ಓಕೂಚಿಯವರು ಹೊಟ್ಟೆಯ ಪುಡಿಯನ್ನು ನಾಲಿಗೆಗೆ ಹಾಕಿಕೊಂಡು ನೀರಿಗೆ ತಡಕಾಡುತ್ತಿದ್ದರು. ಗುಟುಕರಿಸಿ ಹೇಳಿದರು: "ವೃತ್ತಿ ಆಟಗಾರನ ಜಾಗ ಇಲ್ಲ. ನಿಜ ಹೇಳ್ಬೇಕಂದ್ರೆ ದುಡ್ಡಿಲ್ಲ. ಹವ್ಯಾಸಿ ಅಂತ ಬರೆಸ್ಕೋಬಹುದು. ಬೆಳಿಗ್ಗೆ ತರಬೇತಿ, ಮಧ್ಯಾಹ್ನ ವಡೆ ಕಾರ್ಖಾನೇಲಿ ಕೆಲಸ. ಅವರು ಹೋದ ತಿಂಗಳಿಂದ ಒಬ್ಬರನ್ನ ಹುಡುಕ್ತಿದಾರೆ. ಮೈದಾನಕ್ಕಿಳಿಯೋ ಹನ್ನೊಂದರಲ್ಲಿ ಇರ್ತೀರಿ ಅಂತ ಮಾತು ಕೊಡೋಕಾಗಲ್ಲ. ನಿಮ್ಮಂಥೋರಿಗೆ ಇದನ್ನ ಹೇಳೋದೇ ಅವಮಾನ. ಬೇಡ ಅಂದ್ರೂ ನಾನೇನೂ..."

ಕಜುಶಿಯ ನಾಲಿಗೆಯ ತುದಿಯಲ್ಲಿ ಉತ್ತರ ಬಂದು ನಿಂತಿತ್ತು. ಅವನು ಅದನ್ನು ನುಂಗಿಕೊಂಡ. "ಸ್ವಲ್ಪ ಇರಿ," ಎಂದು ಸಾಲಿನತ್ತ ತಿರುಗಿದ. "ಚಿಹಾರು."

ಅವಳು ಆಗಲೇ ಮುಂದೆ ಬಂದಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ನಗಿ ಅವಳ ಕೋಟಿನೊಳಗೆ ತಲೆ ತೂರಿಸಿ ನಿಂತಿದ್ದಳು. ಚಿಹಾರು ಗಂಡನನ್ನು ಒಂದು ಸಲ ನೋಡಿ, ಬಟ್ಟಲನ್ನು ಮೇಜಿನ ಮೇಲಿಟ್ಟು ಓಕೂಚಿಯವರಿಗೆ ಬಾಗಿದಳು. ನೆಟ್ಟಗಾದ ಕೂಡಲೇ ಕೇಳಿದಳು:

"ಕಾರ್ಖಾನಿ ಎಷ್ಟಕ್ಕ ಬಿಡ್ತದ್ರೀ? ನಾಕಕ್ಕ ಈಕಿನ್ನ ಸಾಲಿಯಿಂದ ಕರಕೊಂಡು ಬರಬೇಕು. ಮತ್ತ ಮೊಣಕಾಲಿಗೆ ಏನರ ಆತಂದ್ರ ಆಟದಾಗ ಆತೋ ವಡಿ ಕರಿಯೋ ಮುಂದ ಆತೋ ಅಂತ ಯಾರ ನೋಡಾವ್ರು?"

ಓಕೂಚಿಯವರು ಗಾಬರಿಯಾಗಿ ಜೇಬಿನಲ್ಲಿ ಪೆನ್ನು ಹುಡುಕಿದರು. ಬರೆಯಲು ಏನೂ ಸಿಗದೆ ಕಾಗದದ ಬಟ್ಟಲೊಂದನ್ನು ಬೋರಲು ಹಾಕಿ ಅದರ ತಳದ ಮೇಲೆ ಬರೆಯತೊಡಗಿದರು. ಅವಳು ಬಗ್ಗಿ ನೋಡಿ, ಇನ್ನೂ ಒಂದು ಕೇಳಿದಳು, ಅದೂ ಬಟ್ಟಲಿಗೆ ಹೋಯಿತು.

ಮುಂದಿನವರು ಬಟ್ಟಲು ಚಾಚಿದ್ದರು. ಕಜುಶಿ ಸಾರು ಬಡಿಸುತ್ತ, ಅವರಿಬ್ಬರೂ ಮಾತು ಮುಗಿಸಲಿ ಎಂದು ಕಾದ.